ತೋಪು ಅಂದರೆ ತೋಪಲ್ಲ

೨೦೨೫ ಜನವರಿ ೧೬, ಗುರುವಾರ

ಡೇರಿಗೆ ಹಾಲು ಹಾಕಿ ಬರುವಾಗ ಪಂಚಾಯಿತಿ ಗೋಡೆಯ ಮೇಲೆ ನೋಟಿಸು ಕಂಡಿತು. ಕನ್ನಡಕ ಮನೆಯಲ್ಲಿತ್ತು. ಮೂಗು ಗೋಡೆಗೆ ತಾಗುವಷ್ಟು ಹತ್ತಿರ ಹೋಗಿ ಓದಿದೆ. ‘ಗ್ರಾಮದ ಸರ್ಕಾರಿ ಹುಣಸೆ ತೋಪು, ಒಂದು ಎಕರೆ ಹತ್ತು ಗುಂಟೆ, ಸದರಿ ಜಾಗ ಖಾಲಿ ಇರುವುದರಿಂದ ಘನತ್ಯಾಜ್ಯ ವಿಲೇವಾರಿ ಘಟಕಕ್ಕೆ ಮಂಜೂರು ಮಾಡಲು ಉದ್ದೇಶಿಸಿದ್ದು, ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ...’

ಖಾಲಿ ಇದೆಯಂತೆ! ಹನ್ನೊಂದು ವರ್ಷದ ಹಿಂದೆ ನಮ್ಮ ಯಜಮಾನರನ್ನು ಅಂಗೈಯಲ್ಲಿ ಲಿಂಗವಿಟ್ಟು, ಸುತ್ತ ವಿಭೂತಿ ತುಂಬಿ, ಅಲ್ಲಿ ಕೂರಿಸಿ ಬಂದಿದ್ದೇವೆ. ಅತ್ತೆ, ಮಾವ, ಅವರ ಹಿಂದಿನವರು ಎಲ್ಲರೂ ಅಲ್ಲೇ ಕೂತಿದ್ದಾರೆ. ಅವರ ನೆತ್ತಿಯ ಮೇಲೆ ಊರಿನ ಪ್ಲಾಸ್ಟಿಕ್ಕು, ಡೈಪರು, ಕೊಳೆತ ಟೊಮೆಟೊ ಸುರಿಯುತ್ತಾರಂತೆ.

ನೇರ ಮೃತ್ಯುಂಜಯನ ಮನೆಗೆ ಹೋದೆ. ಯಜಮಾನರ ತಮ್ಮ, ಈಗ ಪಂಚಾಯಿತಿ ಅಧ್ಯಕ್ಷ. ಇಡ್ಲಿ ತಿನ್ನುತ್ತಿದ್ದ.

“ಏನಪ್ಪ ಇದು? ನಿಮ್ಮಣ್ಣ ಅಲ್ಲಿರೋದು ನಿಂಗೆ ಗೊತ್ತಿಲ್ವಾ?”

“ನಂಗ್ ಗೊತ್ತು ಅತ್ತಿಗೆ. ಪಹಣಿಗೆ ಗೊತ್ತಿಲ್ಲ. ಅದ್ರಲ್ಲಿ ಹುಣಸೆ ತೋಪು ಅಂತ್ಲೇ ಅದೆ. ಕಸಕ್ಕೆ ಜಾಗ ತೋರ್ಸು ಅಂತ ಮೇಲಿನೋರು ದಿನಾ ಉಗೀತಾವ್ರೆ. ಬ್ಯಾರೆ ಸರ್ಕಾರಿ ಜಾಗ ಎಲ್ಲದೆ ಈ ಊರಲ್ಲಿ?”

“ನಿನ್ನ ಹಿತ್ತಲಲ್ಲಿ ಹಾಕ್ಸು” ಎಂದು ಹೇಳಿ ಎದ್ದು ಬಂದೆ. ಅವನ ಹೆಂಡತಿ ಕಾಫಿ ಹಿಡಿದು ನಿಂತಿದ್ದಳು. ಕುಡಿಯಲಿಲ್ಲ.

ಮೂವತ್ತನಾಲ್ಕು ವರ್ಷ ಈ ಊರಿನ ಮಕ್ಕಳಿಗೆ ಅಕ್ಷರ ಕಲಿಸಿದವಳು ನಾನು. ಒಂದು ಪಹಣಿಗೆ ಕಲಿಸಲಾರೆನೇ? ನೋಡೇಬಿಡುತ್ತೇನೆ.

ಜನವರಿ ೧೮, ಶನಿವಾರ

ಪಹಣಿಯಲ್ಲಿ ತೋಪು ಎಂದು ಬರೆಸಿದ ಪುಣ್ಯಾತ್ಮ ಯಾರು ಎಂದು ಮರಿಮಲ್ಲಪ್ಪನವರನ್ನು ಕೇಳಿದೆ. ಎಂಬತ್ತನಾಲ್ಕು ವಯಸ್ಸು, ಅವರಿಗಿಂತ ಹಳಬರು ಊರಲ್ಲಿ ಇಲ್ಲ. ಯಾರೂ ಬರೆಸಲಿಲ್ಲವಂತೆ. ಅವರ ಅಪ್ಪನ ಕಾಲದಲ್ಲಿ ಅಳತೆಯವನು ಬಂದು ಇದೇನು ಎಂದು ಕೇಳಿದನಂತೆ. ‘ತೋಪು ಸ್ವಾಮಿ’ ಎಂದರಂತೆ. ಅವನು ತಲೆ ಎತ್ತಿದ, ಎರಡು ಹುಣಸೆ ಮರ ಕಂಡವು, ಬರೆದುಕೊಂಡು ಹೋದ.

“ಮತ್ತಿನ್ನೇನ್ ಅನ್ಬೇಕಿತ್ತವ್ವ? ಆ ಮಾತ ಬಾಯಲ್ಲಿ ಆಡಕ್ಕಾದದ?” ಎಂದು ನನ್ನನ್ನೇ ಗದರಿದರು.

ಅವರು ಹೇಳುವುದೂ ಸರಿ. ಆ ಮಾತನ್ನು ಈ ಊರಲ್ಲಿ ಯಾರೂ ಆಡುವುದಿಲ್ಲ. ಆಡಿದರೆ ಅದು ಕೇಳಿಸಿಕೊಂಡು ಮನೆಗೆ ಬರುತ್ತದಂತೆ. ಸತ್ತವರು ‘ತೋಪಿಗೆ ಹೋದರು.’ ಕಾಯಿಲೆ ಬಿದ್ದು ಎದ್ದವರು ‘ತೋಪಿನ ತಾವ ಹೋಗಿ ಬಂದರು.’ ಮರಿಮಲ್ಲಪ್ಪನವರ ಮಾವಿನ ತೋಪನ್ನು ಕೂಡ ಜನ ಮಾವಿನ ಹೊಲ ಅನ್ನುತ್ತಾರೆ. ನಾನು ಹರದನಹಳ್ಳಿಯವಳು. ಮದುವೆಯಾಗಿ ಬಂದ ವಾರದಲ್ಲೇ, ತೋಪಿಗೆ ಹೋಗಿ ಹುಣಸೆಹಣ್ಣು ತರಲೇ ಅತ್ತೆ ಎಂದು ಕೇಳಿ ಬೈಸಿಕೊಂಡಿದ್ದೆ. ನಲವತ್ತೆರಡು ವರ್ಷದಲ್ಲಿ ನನ್ನ ನಾಲಿಗೆಯೂ ಈ ಊರಿನದೇ ಆಗಿದೆ. ಇಲ್ಲಿ, ನನ್ನ ಸ್ವಂತ ಪುಸ್ತಕದಲ್ಲಿ ಬರೆಯಲೂ ಕೈ ಬರುತ್ತಿಲ್ಲ.

ಜನವರಿ ೨೦, ಸೋಮವಾರ

ಗುಂಡ್ಲುಪೇಟೆ ತಾಲ್ಲೂಕು ಕಚೇರಿಗೆ ಹೋಗಿಬಂದೆ. ತೆರಕಣಾಂಬಿಯಿಂದ ನಿಂತುಕೊಂಡೇ ಪ್ರಯಾಣ. ಆಕ್ಷೇಪಣೆಯ ಅರ್ಜಿ ನಾನೇ ಬರೆದಿದ್ದೆ, ಮುತ್ತಿನಂಥ ಅಕ್ಷರ. ಗುಮಾಸ್ತೆ ಎರಡು ಸಲ ಓದಿದಳು.

“ತೋಪಿನಲ್ಲಿ ನಮ್ಮ ಹಿರಿಯರು ಇದ್ದಾರೆ ಅಂತ ಬರ್ದಿದೀರ. ಇದ್ದಾರೆ ಅಂದ್ರೆ? ಶೆಡ್ ಹಾಕ್ಕೊಂಡವ್ರಾ?”

“ಇಲ್ಲಮ್ಮ. ಸುಮ್ನೆ ಕೂತವ್ರೆ.”

“ಎಷ್ಟು ವರ್ಷದಿಂದ?”

“ಬೇಕಾದಷ್ಟು ವರ್ಷದಿಂದ.”

“ಹಾಗಾದ್ರೆ ಒತ್ತುವರಿ. ಖಾಲಿ ಮಾಡ್ಸಕ್ಕೆ ನೀವೇ ಅರ್ಜಿ ಕೊಟ್ಟಂಗಾಯ್ತು!”

ಹಿಂದೆ ನಿಂತವರು ನಕ್ಕರು. ಆ ಮಾತು ಗಂಟಲಿನ ತನಕ ಬಂತು, ಆಚೆಗೆ ಬರಲಿಲ್ಲ. ಕಾಗದ ಕಿತ್ತುಕೊಂಡು ಬಂದೆ. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂದಿತ್ತು ಎಂದರೆ ಬಸ್ಸಿನಲ್ಲಿ ಪಕ್ಕದವಳು ಎದ್ದು ಬೇರೆ ಸೀಟಿಗೆ ಹೋದಳು.

ಜನವರಿ ೨೪, ಶುಕ್ರವಾರ

ಹೊಸ ಅರ್ಜಿ. ಈ ಸಲ ಆ ಮಾತನ್ನೇ ಬರೆದೆ. ಮೊದಲು ಕೈಕಾಲು ತೊಳೆದುಕೊಂಡು, ವಿಭೂತಿ ಇಟ್ಟುಕೊಂಡು, ಆಮೇಲೆ ಬರೆದೆ. ಸ್ಮ. ಇಲ್ಲಿ ಇಷ್ಟು ಸಾಕು.

ಸಹಿಗೆಂದು ನಮ್ಮ ಮೇಲ್ಬೀದಿಯೆಲ್ಲ ತಿರುಗಿದೆ. “ತೋಪು ಉಳೀಬೇಕು ಕಣವ್ವ, ಪ್ರಾಣ ಓದ್ರೂ ಉಳೀಬೇಕು” ಅನ್ನುತ್ತಾರೆ. ಕಾಗದ ನೋಡಿದ ತಕ್ಷಣ ಕೈ ಹಿಂದಕ್ಕೆ. “ಸೊಸೆ ಬಸುರಿ, ಆ ಕಾಗ್ದ ಹೊಸ್ಲು ದಾಟ್ಸಬ್ಯಾಡ” ಎಂದರು ಒಂದು ಮನೆಯಲ್ಲಿ. ಇನ್ನೊಂದು ಮನೆಯಲ್ಲಿ ಆ ಸಾಲಿನ ಮೇಲೆ ಬೆರಳು ಮುಚ್ಚಿಕೊಂಡು ಸಹಿ ಮಾಡಿದರು. ಇಡೀ ಬೀದಿಗೆ ಒಂಬತ್ತು ಸಹಿ. ಹೇಡಿಗಳು!

ಜನವರಿ ೨೮, ಮಂಗಳವಾರ

ಯಾರ್ಯಾರು ಎಲ್ಲೆಲ್ಲಿ ಇದ್ದಾರೆ ಎಂದು ಪಟ್ಟಿ ಕೊಟ್ಟರೆ ಅರ್ಜಿಗೆ ತೂಕ ಬರುತ್ತದೆ. ನಮ್ಮ ಕಡೆ ಕಲ್ಲು ಕಟ್ಟಿಸಿದ ಗದ್ದುಗೆ ಮೂವತ್ತೊಂದೇ. ಮಿಕ್ಕವರ ಗುರುತು ಕೆಳಬೀದಿಯ ಪುಟ್ಟಮಾದಿಗೆ ಮಾತ್ರ ಗೊತ್ತು. ಅವಳ ಗಂಡ ಚಿಕ್ಕಣ್ಣ ಬದುಕಿರುವವರೆಗೂ ಎರಡೂ ಬೀದಿಯಲ್ಲಿ ಸತ್ತವರಿಗೆ ಗುಣಿ ತೆಗೆಯುತ್ತಿದ್ದವನು. ಇವಳು ಜೊತೆಯಲ್ಲಿ ಮಣ್ಣು ಹೊರುತ್ತಿದ್ದಳು.

ಹೇಳಿಕಳಿಸಿದೆ, ಬಂದಳು. ನಾನು ಜಗಲಿ ಮೇಲೆ ಪುಸ್ತಕ ಹಿಡಿದು ಕೂತೆ, ಅವಳು ಅಂಗಳದಲ್ಲಿ ನಿಂತು ಹೇಳಿದಳು. ಜ್ಞಾಪಕಶಕ್ತಿ ಅಂದರೆ ಅವಳದು. ಇಸವಿ ಗೊತ್ತಿಲ್ಲ, ಆದರೆ ಯಾವ ಬೆಳೆ ನಿಂತಿತ್ತು, ಯಾರು ಹೆಚ್ಚು ಅತ್ತರು, ಎಲ್ಲ ಗೊತ್ತು. ನಮ್ಮವರು ಎಪ್ಪತ್ತೆರಡು ಜನ ಆದರು.

“ನಿಮ್ಮವ್ರದ್ದು ಆಯ್ತು ಟೀಚರಮ್ಮ. ಹಳ್ಳದ್ ಕೆಳಗೆ ನಮ್ಮೋರವ್ರೆ. ಬರ್ಕೊಳಲ್ವಾ?”

ಮೊದಲು ಇದು ಮುಗಿಯಲಿ, ಆಮೇಲೆ ನೋಡೋಣ ಎಂದೆ. ತೋಪಿನ ನಡುವೆ ಸಣ್ಣ ಹಳ್ಳವಿದೆ, ಮಳೆ ಬಂದಾಗ ಮಾತ್ರ ನೀರು. ಮೇಲೆ ನಾವು, ಕೆಳಗೆ ಅವರು. ನಾವು ಕೂರಿಸುತ್ತೇವೆ, ಅವರು ಮಲಗಿಸುತ್ತಾರೆ. ಅವರ ಅರ್ಜಿ ಅವರು ಕೊಡಬಹುದಲ್ಲ, ಯಾರು ಬೇಡ ಅಂದರು?

ಫೆಬ್ರವರಿ ೪, ಮಂಗಳವಾರ

ಮನೆಯಲ್ಲಿ ಕೂತು ಬರೆದದ್ದನ್ನು ಜಾಗದಲ್ಲಿ ತಾಳೆ ನೋಡಬೇಕಿತ್ತು. ಪುಟ್ಟಮಾದಿಯ ಜೊತೆ ಹೋದೆ. ಯಜಮಾನರ ಗದ್ದುಗೆಯ ಹತ್ತಿರ ಬಂದಾಗ ಅವಳು ಸೀದಾ ನಿಲ್ಲಿಸಿದಳು.

“ಇಲ್ಲಿ ಮೊದ್ಲು ಮೊಣಕಾಲುದ್ದಕ್ಕೆ ಬಂಡೆ ಸಿಕ್ತು ಕಣವ್ವ. ಮುಚ್ಬುಟ್ಟು ಆಚೀಚೆ ತೆಗುದ್ವಿ. ನನ್ ಗಂಡ ಒಳಗಿಳ್ದು ತಾನೇ ಕೂತ್ಕೊಂಡು ನೋಡ್ದ. ಯಾವಾಗ್ಲೂ ಅಂಗೇಯ, ಕೂತು ನೋಡ್ದೆ ಮೇಲಕ್ ಬತ್ತಿರಲಿಲ್ಲ. ‘ಮೇಷ್ಟ್ರು ಎತ್ರ ಕಣಮ್ಮಿ, ನೆತ್ತಿಗೆ ಮಣ್ಣು ಒತ್ತಬಾರ್ದು’ ಅಂತ ಇನ್ನೊಂದ್ ಗೇಣು ತೆಗ್ದ.”

ಹನ್ನೊಂದು ವರ್ಷದಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನನಗಿಂತ ಮೊದಲು ಆ ಜಾಗದಲ್ಲಿ ಒಬ್ಬ ಮನುಷ್ಯ ಕೂತು, ಇವರಿಗೆ ಅನುಕೂಲವಾಗುತ್ತದೋ ಇಲ್ಲವೋ ಎಂದು ನೋಡಿದ್ದಾನೆ. ಅಲ್ಲೇ ಕೂತು ಅತ್ತುಬಿಟ್ಟೆ. ಪುಟ್ಟಮಾದಮ್ಮ ಸುಮ್ಮನೆ ಕಳೆ ಕೀಳುತ್ತಿದ್ದಳು.

ಆಮೇಲೆ ಹಳ್ಳ ದಾಟಿ ಅವಳ ಕಡೆಗೆ ಹೋದೆವು. ನಾನು ಆ ಕಡೆ ಕಾಲಿಟ್ಟದ್ದು ಇದೇ ಮೊದಲು. ಒಂದು ಕಲ್ಲೂ ಇಲ್ಲ. ಎಲ್ಲೆಲ್ಲೂ ಲೋಳೆಸರದ ಪೊದೆ. ಕಾಡು ಬೆಳೆದಿದೆ ಅಂದುಕೊಂಡಿದ್ದೆ. ಅಲ್ಲವಂತೆ. ಒಬ್ಬೊಬ್ಬರನ್ನು ಮಲಗಿಸಿದಾಗಲೂ ತಲೆಯ ಕಡೆ ಒಂದೊಂದು ಲೋಳೆಸರ ನೆಡುತ್ತಾರಂತೆ. ನೀರು ಹಾಕದಿದ್ದರೂ ಸಾಯದ ಗಿಡ ಅದೊಂದೇ ಅಂತೆ.

ಬಿಸಿಲು ಏರಿತ್ತು. ಪುಸ್ತಕದಲ್ಲಿ ಹಾಳೆ ಇದ್ದವು. ಬರೆದುಕೊಂಡೆ. ನೂರಾ ಹದಿನೆಂಟು.

ಫೆಬ್ರವರಿ ೯, ಭಾನುವಾರ

ಅರ್ಜಿ ಟೈಪು ಮಾಡಿಸಬೇಕಿತ್ತು. ಪುಟ್ಟಮಾದಮ್ಮನ ಮಗಳು ಮಂಗಳಗೌರಿ ತೆರಕಣಾಂಬಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ಇವತ್ತು ರಜೆ, ಅವರ ಮನೆಗೇ ಹೋದೆ, ಲ್ಯಾಪ್‌ಟಾಪು ಇಟ್ಟುಕೊಂಡು ಕೂತಳು. ನಾನು ಹೇಳುತ್ತಾ ಹೋದೆ. ಆ ಮಾತು ಬಂದಾಗ ನಿಲ್ಲಿಸಿದೆ.

“ಸ್ಮಶಾನ ಅಂತ ತಾನೆ ಟೀಚರ್?” ಎಂದಳು, ಟಕಟಕನೆ ಒತ್ತಿದಳು. ಆಮೇಲೆ ನನ್ನ ಮುಖ ನೋಡಿ ನಕ್ಕಳು. “ಮೂರನೇ ಕ್ಲಾಸಲ್ಲಿ ‘ನಮ್ಮ ಊರು’ ಪ್ರಬಂಧ ಬರೆಸಿದ್ರಿ. ನಮ್ಮ ಊರಿನಲ್ಲಿ ಒಂದು ಶಾಲೆ, ಒಂದು ಕೆರೆ, ಒಂದು ಸ್ಮಶಾನ ಇದೆ ಅಂತ ಬರೆದಿದ್ದೆ. ಕೆಂಪಿಂಕಲ್ಲಿ ಹೊಡೆದುಹಾಕಿ ತೋಪು ಅಂತ ತಿದ್ದಿದ್ರಿ. ಕಪಾಳಕ್ಕೂ ಒಂದು ಬಿತ್ತು.”

ನನಗೆ ನೆನಪಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಎಷ್ಟು ಪ್ರಬಂಧ, ಎಷ್ಟು ಕಪಾಳ! ಆದರೆ ಹೊಡೆದಿರುತ್ತೇನೆ, ಅನುಮಾನವೇ ಇಲ್ಲ. ಆ ಅಳತೆಯವನು ಒಂದು ಸಲ ತಪ್ಪು ಬರೆದ. ನಾನು ವರ್ಷ ವರ್ಷ ಮಕ್ಕಳಿಂದ ಬರೆಸಿದ್ದೇನೆ.

ತಪ್ಪಾಯಿತು ಮಗಳೇ ಎಂದೆ. “ಬುಡಿ ಟೀಚರ್, ಒತ್ತಕ್ಷರ ನೀವೇ ಕಲ್ಸಿದ್ದು” ಎಂದಳು. ಟೀ ಕೊಟ್ಟರು, ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು. ಕೆಳಬೀದಿಯಲ್ಲಿ ಸಹಿ, ಹೆಬ್ಬೆಟ್ಟು ಸೇರಿ ಅರವತ್ತಾರು. ಒಬ್ಬರೂ ಬೆರಳು ಮುಚ್ಚಿಕೊಳ್ಳಲಿಲ್ಲ.

ಫೆಬ್ರವರಿ ೧೪, ಶುಕ್ರವಾರ

ಅರ್ಜಿ ಕೊಟ್ಟೆವು. ಅದೇ ಗುಮಾಸ್ತೆ. “ಏನ್ ಟೀಚರ್, ಹಿರಿಯರು ಇನ್ನೂ ಕೂತವ್ರಾ?” ಎಂದಳು. “ನೂರಾ ಹದಿನೆಂಟು ಜನ ಮಲಗೂ ಅವ್ರೆ, ಸೀಲ್ ಹಾಕಮ್ಮ” ಎಂದೆ. ಹಾಕಿದಳು.

ಫೆಬ್ರವರಿ ೨೦, ಗುರುವಾರ

ಸರ್ವೆಯವನು ಬಂದಿದ್ದ, ಸುಧಾಕರ್ ಅಂತೆ ಹೆಸರು. ಒಳ್ಳೆಯ ಹುಡುಗನೇ, ಆದರೆ ಕಾಗದದಲ್ಲಿ ಇಲ್ಲದ್ದು ಅವನ ಕಣ್ಣಿಗೆ ಕಾಣುವುದಿಲ್ಲ. ಊರಿನ ಹಿರಿಯರನ್ನೆಲ್ಲ ಹುಣಸೆ ಮರದ ಕೆಳಗೆ ಸೇರಿಸಿ, ಮಹಜರು ಬರೆಯಬೇಕು, ಇದು ಏನು ಜಾಗ ಹೇಳಿ ಎಂದ.

ಮರಿಮಲ್ಲಪ್ಪನವರು ಎದ್ದು ನಿಂತು, “ತೋಪು ಸ್ವಾಮಿ” ಎಂದರು.

ಹಿಂದಿನವರೂ ತೋಪು, ತೋಪು ಎಂದರು. ಸುಧಾಕರ್ ಬರೆದುಕೊಳ್ಳತೊಡಗಿದ. ಮೃತ್ಯುಂಜಯ ಕೈಕಟ್ಟಿ ನಿಂತು ಮೀಸೆಯಲ್ಲೇ ನಗುತ್ತಿದ್ದ. ನನ್ನ ಮೈಯೆಲ್ಲ ಉರಿದುಹೋಯಿತು.

“ಸ್ಮಶಾನ!” ಎಂದು ಕೂಗಿದೆ. ಕೊನೇ ಬೆಂಚಿಗೆ ಕೇಳುವಂತೆ ಪಾಠ ಮಾಡಿದ ಗಂಟಲು ಇದು. “ಸ್ಮಶಾನ, ಸ್ಮಶಾನ, ಸ್ಮಶಾನ! ಬರ್ಕೊಳ್ಳಪ್ಪ. ಅದು ಕೇಳಿಸ್ಕೊಂಡು ಬರೋದಾದ್ರೆ ನನ್ನ ಮನೆಗೇ ಬರ್ಲಿ. ಬಾಗ್ಲು ತೆಗೆದಿರ್ತೀನಿ.”

ಮರಿಮಲ್ಲಪ್ಪನವರು ಎರಡೂ ಕಿವಿ ಮುಚ್ಚಿಕೊಂಡರು. ಸುಧಾಕರ್ ಪೆನ್ನು ಎತ್ತಿ, ನೀವು ಏನಂತೀರಿ ಯಜಮಾನರೇ ಎಂದು ಜೋರಾಗಿ ಕೇಳಿದ.

“ಅವ್ವ ಅದೇನ್ ಯೋಳ್ತೋ ನಂಗ್ ಕೇಳ್ಸಿಲ್ಲ. ಆದ್ರೆ ಅದೇಯ” ಎಂದರು, ಕಿವಿಯಿಂದ ಕೈ ತೆಗೆಯದೆ. ಉಳಿದವರೂ ತಲೆ ಆಡಿಸಿದರು. ಇಷ್ಟಾದರೂ ಆಯಿತು.

ಹಳ್ಳದ ಕೆಳಗೆ ಬಂದಾಗ ಮಾತ್ರ ಅವನು ‘ಕುರುಚಲು ಗಿಡ, ಖಾಲಿ’ ಎಂದು ಬರೆದ. ಪುಟ್ಟಮಾದಮ್ಮ ಒಂದೊಂದು ಪೊದೆಯ ಮುಂದೂ ನಿಂತು ಹೇಳಿದಳು. ಇದು ನಮ್ಮತ್ತೆ. ಇದು ನನ್ ಗಂಡ. ಇದು ಹೆಸರಿಡಕ್ಕೆ ಮುಂಚೆನೇ ಹೋದ ಕೂಸು. ಸುಧಾಕರ್ ಬಿಸಿಲಿಗೆ ಟೋಪಿ ಸರಿಮಾಡಿಕೊಂಡು, “ಕಲ್ಲು ಇದ್ರೆ ಬರೀಬಹುದು ಅಜ್ಜಿ. ಗಿಡ ಲೆಕ್ಕಕ್ಕೆ ಬರಲ್ಲ” ಎಂದ. ಆಕೆ ಆ ಕೂಸಿನ ಗಿಡದ ಮುಂದೆ ನಿಂತೇ ಇದ್ದರು.

ಫೆಬ್ರವರಿ ೨೪, ಸೋಮವಾರ

ಮೃತ್ಯುಂಜಯ ಬಾಳೆಹಣ್ಣು ತೆಗೆದುಕೊಂಡು ಬಂದ. ಹಣ್ಣು ತಂದನೆಂದರೆ ಏನೋ ಇದೆ.

“ನೀವ್ ಗೆದ್ರಿ ಅತ್ತಿಗೆ. ಹಳ್ಳದ್ ಮೇಲಿನ್ ಅರ್ಧ ನಮ್ಮೋರ ರುದ್ರಭೂಮಿ ಅಂತ ಪಹಣೀಲಿ ಏರುಸ್ಬುಡ್ತಾರೆ. ಸುತ್ತ ಕಾಂಪೌಂಡು, ಗೇಟು. ಅಣ್ಣನ ಗದ್ದುಗೆ ಭದ್ರ. ಪಕ್ದಲ್ಲಿ ನಿಮ್ಗೆ ಅಂತ ಬುಟ್ಟಿರೋ ಜಾಗಾನೂ ಭದ್ರ. ಕೆಳಗಿನ್ ಅರ್ಧ ಕಸಕ್ಕೆ. ಒಂದ್ ಸಹಿ ಹಾಕ್ಬುಡಿ.”

“ಕೆಳಗಿರೋರು?”

“ಅಲ್ಲಿ ಏನದೆ? ಲೋಳೆಸರ.”

ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಸುಳ್ಳು ಯಾಕೆ ಬರೆಯಬೇಕು, ಒಂದು ಗಳಿಗೆ ನನಗೆ ನೆಮ್ಮದಿಯೇ ಆಯಿತು. ನಾನು ಶುರು ಮಾಡಿದ್ದು ಅವರಿಗೋಸ್ಕರ, ಅವರ ಪಕ್ಕದ ಆ ನಾಲ್ಕಡಿ ಜಾಗಕ್ಕೋಸ್ಕರ. ಅದು ಸಿಕ್ಕಿತು. ಮುದ್ದೆ ಮಾಡಿಟ್ಟು, ಹಳ್ಳದ ಕೆಳಗಿನವರ ಪಟ್ಟಿ ತೆಗೆದು ಕೂತೆ.

ಫೆಬ್ರವರಿ ೨೬, ಬುಧವಾರ, ಶಿವರಾತ್ರಿ

ಉಪವಾಸ. ಹೊಟ್ಟೆಯಲ್ಲಿ ಸಿಟ್ಟು ಬಿಟ್ಟು ಬೇರೇನೂ ಇಲ್ಲ.

ಬೆಳಿಗ್ಗೆ ಪೂಜೆ ಮುಗಿಸಿ ಮೃತ್ಯುಂಜಯನ ಮನೆಗೆ ಹೋಗಿ ಆಗುವುದಿಲ್ಲ ಎಂದೆ. ನಿಮ್ಗೇನ್ ಗ್ರಾಚಾರ, ಯಾರ್ದೋ ಗುಣಿಗೆ ನೀವ್ಯಾಕ್ ಬಡ್ಕೋತೀರ ಎಂದು ಕೂಗಾಡಿದ. ಯಾರದೋ ಅಲ್ಲ ಕಣಯ್ಯ, ನಿಮ್ಮಣ್ಣನ ನೆತ್ತಿಗೆ ಮಣ್ಣು ಒತ್ತಬಾರದು ಎಂದು ಒಂದು ಗೇಣು ಹೆಚ್ಚು ತೆಗೆದವನು ಅಲ್ಲಿದ್ದಾನೆ, ಅವನ ಮೇಲೆ ಕಸ ಸುರಿಯುವ ಕಾಗದಕ್ಕೆ ನಾನು ಸಹಿ ಹಾಕಲೇ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಆಗದಿದ್ದರೆ ಬೇಡ.

ಮಾರ್ಚ್ ೩, ಸೋಮವಾರ

ತಹಸೀಲ್ದಾರರ ಮುಂದೆ ವಿಚಾರಣೆ. ನಾನು, ಪುಟ್ಟಮಾದಮ್ಮ, ಮಂಗಳಗೌರಿ ಒಂದೇ ಸೀಟಿನಲ್ಲಿ ಒತ್ತಿಕೊಂಡು ಹೋದೆವು. ಮೃತ್ಯುಂಜಯ ಕಾರಿನಲ್ಲಿ ಬಂದಿದ್ದ.

ಅವನು ತನ್ನ ನಕ್ಷೆ ಹರಡಿದ. ಹಳ್ಳದ ಉದ್ದಕ್ಕೂ ಕೆಂಪು ಗೆರೆ. ಮೇಲೆ ನಮ್ಮದು, ಕೆಳಗೆ ಕಸದ್ದು. ಹಳ್ಳವೇ ಗಡಿ ಸಾರ್, ಮೊದಲಿಂದಲೂ ಬೇರೆ ಬೇರೆ ಎಂದ. ಅದು ಸುಳ್ಳಲ್ಲ. ತಹಸೀಲ್ದಾರರು ನನ್ನ ಕಡೆ ನೋಡಿದರು.

ನಾನು ನಿನ್ನೆಯೇ ಬರೆದಿಟ್ಟುಕೊಂಡಿದ್ದ ಕಾಗದ ಕೊಟ್ಟೆ. ಮಂಗಳಗೌರಿಗೂ ತೋರಿಸಿರಲಿಲ್ಲ. ಅವರು ಗಟ್ಟಿಯಾಗಿ ಓದಿದರು: ‘ಶಿವರುದ್ರಸ್ವಾಮಿಯವರ ಪತ್ನಿ ಶಾಂತಮಲ್ಲಮ್ಮ ಆದ ನಾನು, ಸ್ವಸ್ಥ ಬುದ್ಧಿಯಿಂದ ಬರೆದುಕೊಡುವುದೇನೆಂದರೆ, ನಾನು ಸತ್ತಾಗ ನನ್ನನ್ನು ನಮ್ಮ ಊರಿನ ಸ್ಮಶಾನದ ಹಳ್ಳದ ನಟ್ಟನಡುವೆ ಕೂರಿಸತಕ್ಕದ್ದು. ನನ್ನ ಎಡಕ್ಕೂ ಬಲಕ್ಕೂ ನಮ್ಮೂರಿನವರೇ ಇರುತ್ತಾರೆ. ಗೆರೆ ಎಳೆಯುವವರು ನನ್ನ ಮೇಲೆಯೇ ಎಳೆಯಬೇಕಾಗುತ್ತದೆ.’

ತಹಸೀಲ್ದಾರರು ಕಾಗದವನ್ನು ನಕ್ಷೆಯ ಮೇಲೆ ಇಟ್ಟರು.

“ಅಣ್ಣನ ಪಕ್ಕ ಬ್ಯಾಡ್ವಾ ಅತ್ತಿಗೆ?” ಎಂದ ಮೃತ್ಯುಂಜಯ. ಅವನು ನಿಜವಾಗಿಯೂ ನೊಂದುಕೊಂಡ, ಪಾಪ.

“ಮೂವತ್ತೊಂದು ವರ್ಷ ಪಕ್ಕದಲ್ಲೇ ಇದ್ದೆ. ಹತ್ತು ಹೆಜ್ಜೆ ಆಚೆ ಕೂತ್ರೆ ನಿಮ್ಮಣ್ಣ ಏನೂ ಅಂದ್ಕೊಳಲ್ಲ” ಎಂದೆ. ಹೇಳಿದ್ದು ಧೈರ್ಯವಾಗಿಯೇ. ಅವನ ಮುಖ ಮಾತ್ರ ನೋಡಲಿಲ್ಲ.

ಬದುಕಿರುವವರ ಗುಣಿಯನ್ನು ದಾಖಲೆಯಲ್ಲಿ ತೋರಿಸಲು ಬರುವುದಿಲ್ಲ ಎಂದರು ತಹಸೀಲ್ದಾರರು. ಆದರೂ ಕಾಗದವನ್ನು ಫೈಲಿನಲ್ಲಿ ಇಟ್ಟುಕೊಂಡರು. ಪಂಚಾಯಿತಿಯ ಪ್ರಸ್ತಾವ ತಡೆಹಿಡಿದು, ಮತ್ತೆ ಅಳತೆ ಮಾಡಿ, ಗಿಡಗಳನ್ನೂ ಎಣಿಸಿ ಎಂದು ಸುಧಾಕರನಿಗೆ ಹೇಳಿದರು.

ಮಾರ್ಚ್ ೧೯, ಬುಧವಾರ

ಆದೇಶದ ಪ್ರತಿ ಬಂತು. ‘ಸಾರ್ವಜನಿಕ ಸ್ಮಶಾನ, ಒಂದು ಎಕರೆ ಹತ್ತು ಗುಂಟೆ, ಪೂರ್ತಿ.’ ಕಸಕ್ಕೆ ಬೇರೆ ಜಾಗ ಹುಡುಕಬೇಕು. ಮಂಗಳಗೌರಿ ಅಂಗಡಿಯಲ್ಲಿ ಹತ್ತು ಪ್ರತಿ ತೆಗೆದಳು. ಒಂದನ್ನು ಮರಿಮಲ್ಲಪ್ಪನವರಿಗೆ ಕೊಟ್ಟೆ. ಆ ಮಾತು ಕಾಣದಂತೆ ಮಡಚಿ ಜೇಬಿನಲ್ಲಿಟ್ಟುಕೊಂಡು, ತೋಪು ಉಳೀತು ಬುಡವ್ವ ಎಂದರು. ಇವರನ್ನು ತಿದ್ದುವುದು ನನ್ನಿಂದಾಗದು.

ಸಂಜೆ ಪುಟ್ಟಮಾದಮ್ಮ ಬಂದರು. ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡೆವು. ಆಕೆ ಬೇರೆ ಏನನ್ನೋ ಲೆಕ್ಕ ಹಾಕುತ್ತಿರುವಂತಿತ್ತು.

“ಆ ಹಳ್ಳದ್ ನಡುವೆ ಒಂದಡಿಗೆಲ್ಲಾ ಬಂಡೆ ಕಣವ್ವ” ಎಂದರು ಕೊನೆಗೆ. “ಬ್ಯಾಸಗೇಲಿ ನೀನ್ ಓದ್ರೆ ಗುಣಿ ತೆಗೆಯಕ್ಕೆ ಎಲ್ಡ್ ದಿನ ಬೇಕು, ಮಳೇಲಿ ಓದ್ರೆ ನೀರು ನಿಂತಿರ್ತದೆ. ಮಳೆ ಹಿಂದಾದ್ಮೇಲೆ, ದೀಪಾವಳಿ ಎಡಬಲದಲ್ಲಿ ಸಾಯಿ. ಅಚ್ಚುಕಟ್ಟಾಗಿ ಕೂರುಸ್ಬುಡ್ತೀವಿ.”

ಯಾವ ವರ್ಷದ ದೀಪಾವಳಿ ಎಂದು ಕೇಳಿದೆ.

“ಅದ್ ನಿನ್ನಿಷ್ಟ” ಎಂದರು.